ಹಿಡಿ ಮಣ್ಣು ತರುವ ಮುನ್ನ

ದೊಡ್ಡಆಲಹಳ್ಳಿಯ ಕಡೆಯ ರೇಷ್ಮೆ ಬೆಳೆಗಾರರಿಗೆ ಗೂಡನ್ನು ಮಾರುಕಟ್ಟೆಗೆ ಸಾಗಿಸುವ ಕಷ್ಟವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಚಂದ್ರಿಕೆಯಿಂದ ಬಿಡಿಸಿದ ಗೂಡಿನೊಳಗೆ ಹುಳು ಇನ್ನೂ ಜೀವಂತವಾಗಿರುತ್ತದೆ. ಚೀಲದಲ್ಲಿ ಒತ್ತಿ ತುಂಬಿದರೆ ಅದು ಒಡೆದು ಗೂಡು ಒಳಗಿನಿಂದಲೇ ಕಲೆಯಾಗುತ್ತದೆ. ಬಿಸಿಲಿನಲ್ಲಿ ಕಾದರೆ ಸಾಯುತ್ತದೆ. ಆದ್ದರಿಂದ ತಂಪು ಹೊತ್ತು ನೋಡಿ, ಗಾಳಿಯಾಡುವಂತೆ ಸಡಿಲವಾಗಿ ತುಂಬಿ, ಕನಕಪುರಕ್ಕೋ ರಾಮನಗರಕ್ಕೋ ಒಯ್ಯುತ್ತಾರೆ. ಹರಾಜಿನಲ್ಲಿ ಗೂಡನ್ನು ಕೈಗೆತ್ತಿಕೊಂಡು ಅಲ್ಲಾಡಿಸಿ ನೋಡುವ ರೀಲರಿಗೆ ಮುಖ್ಯವಾಗಿ ತಿಳಿಯಬೇಕಾದ್ದು ಒಂದೇ ಸಂಗತಿ: ದಾರಿಯಲ್ಲಿ ಇದಕ್ಕೇನಾದರೂ ಆಗಿದೆಯೇ?

ರಾಕೆಟ್ಟಿನಲ್ಲಿ ಹೋಗಿ ಚಂದ್ರನ ಮಣ್ಣನ್ನೋ, ಧೂಮಕೇತುವಿನ ದೂಳನ್ನೋ ಮೊಗೆದು ತರುವ ಉಪಕರಣಕ್ಕೂ ವಿಜ್ಞಾನಿಗಳು ಹಾಕುವ ಪ್ರಶ್ನೆ ಇದೇ. ಎಷ್ಟು ತಂದಿತು ಎಂಬುದು ಆಮೇಲಿನ ಮಾತು. ಹೋಗುವಾಗ ಉಪಕರಣ ಕೆಟ್ಟಿತೇ? ಅಲ್ಲಿನ ನೆಲ ಅದರ ಕೈಗೆ ಬಗ್ಗಿತೇ? ಬರುವಾಗ ಮಾದರಿಯೊಳಗೆ ನಮ್ಮ ಭೂಮಿಯದೇ ಏನಾದರೂ ಬೆರೆಯಿತೇ? ಇವುಗಳಿಗೆ ಉತ್ತರ ಹುಡುಕಲು ಉಪಕರಣ ಆಕಾಶಕ್ಕೆ ಏರುವವರೆಗೆ ಕಾದರೆ ಕೆಲಸ ಕೆಟ್ಟಂತೆಯೇ. ಉಡಾವಣೆಗೆ ವರ್ಷಗಳ ಮುಂಚೆಯೇ, ನೆಲದ ಮೇಲೆ, ಮುಚ್ಚಿದ ಕೋಣೆಗಳಲ್ಲಿ ಅದನ್ನು ಕುಲುಕಿ, ಬೇಯಿಸಿ, ಹೆಪ್ಪುಗಟ್ಟಿಸಿ, ಮೇಲಿನಿಂದ ಎತ್ತಿ ಹಾಕಿ ಉತ್ತರ ಪಡೆಯಬೇಕು.

ಭಾರತದ ಮಟ್ಟಿಗೆ ಇದು ಈಗ ಪುಸ್ತಕದ ಪ್ರಶ್ನೆಯಾಗಿ ಉಳಿದಿಲ್ಲ. 2024ರ ಸೆಪ್ಟೆಂಬರ್ 18ರಂದು ಕೇಂದ್ರ ಸಚಿವ ಸಂಪುಟ ಚಂದ್ರಯಾನ-4ಕ್ಕೆ ಒಪ್ಪಿಗೆ ಕೊಟ್ಟು ರೂ. 2,104.06 ಕೋಟಿ ಮಂಜೂರು ಮಾಡಿತು. ಚಂದ್ರನ ಮೇಲಿಳಿದು, ಅಲ್ಲಿನ ಮಣ್ಣನ್ನು ತೆಗೆದುಕೊಂಡು, ಮತ್ತೆ ಮೇಲೇರಿ ಭೂಮಿಗೆ ಮರಳುವುದು ಅದರ ಗುರಿ. ಹಿಂದಿನ ಚಂದ್ರಯಾನಗಳು ಕಳಿಸಿದ್ದು ಚಿತ್ರ ಮತ್ತು ಅಂಕಿ-ಅಂಶ. ಅವು ರೇಡಿಯೊ ಅಲೆಯಾಗಿ ಬಂದು ಮಾಗಡಿ ಸೀಮೆಯ ಅಂಚಿನ ಬ್ಯಾಲಾಳುವಿನಲ್ಲಿರುವ ದೊಡ್ಡ ಆಂಟೆನಾಗಳಿಗೆ ಬಿದ್ದವು. ಈ ಬಾರಿ ಬರಬೇಕಾದ್ದು ವಸ್ತು. ಅಲೆ ದಾರಿಯಲ್ಲಿ ಒಡೆಯುವುದಿಲ್ಲ, ಮೈಲಿಗೆಯಾಗುವುದಿಲ್ಲ. ವಸ್ತು ಎರಡೂ ಆಗುತ್ತದೆ.

ಕುಲುಕಾಟ, ಸದ್ದು, ಶೂನ್ಯ

ನಿಲ್ದಾಣದಲ್ಲಿ ನಿಂತ ಬಸ್ಸನ್ನು ನೆನಪಿಸಿಕೊಳ್ಳಿ. ಇಂಜಿನ್ ಓಡುತ್ತಿದೆ. ಇಡೀ ಬಸ್ಸಿನಲ್ಲಿ ಒಂದು ಕಿಟಕಿಯ ಗಾಜು ಮಾತ್ರ ಗಡಗಡ ಎನ್ನುತ್ತದೆ. ಚಾಲಕ ಆಕ್ಸಿಲರೇಟರ್ ಒತ್ತಿದ ಕೂಡಲೇ ಅದು ಸುಮ್ಮನಾಗಿ ಬೇರೊಂದು ಗಾಜು, ಅಥವಾ ತಲೆಯ ಮೇಲಿನ ಸರಳು ಸದ್ದು ಮಾಡಲು ತೊಡಗುತ್ತದೆ. ಪ್ರತಿಯೊಂದು ವಸ್ತುವಿಗೂ ತನ್ನದೇ ಒಂದು ಕಂಪನದ ಲೆಕ್ಕವಿದೆ. ಹೊರಗಿನ ಕುಲುಕಾಟ ಆ ಲೆಕ್ಕಕ್ಕೆ ತಾಳೆಯಾದಾಗ ಅದು ಹುಚ್ಚೆದ್ದು ಕುಣಿಯುತ್ತದೆ. ಇದಕ್ಕೆ ಅನುರಣನ ಎನ್ನುತ್ತಾರೆ. ಬಸ್ಸಿನ ಗಾಜು ಕುಣಿದರೆ ಪ್ರಯಾಣಿಕರಿಗೆ ಕಿರಿಕಿರಿಯಷ್ಟೇ. ರಾಕೆಟ್ಟಿನ ತಲೆಯೊಳಗೆ ಮಡಚಿಟ್ಟ ಲೋಹದ ತೋಳು ಹಾಗೆ ಕುಣಿದರೆ ತಿರುಪು ಸಡಿಲವಾಗುತ್ತದೆ, ಬೆಸುಗೆ ಬಿರಿಯುತ್ತದೆ.

ಇದನ್ನು ಕಂಡುಹಿಡಿಯಲು ಉಪಕರಣವನ್ನು ಕಂಪನ ಮೇಜಿಗೆ ಬಿಗಿಯುತ್ತಾರೆ. ಮೊದಲು ಸೆಕೆಂಡಿಗೆ ಕೆಲವೇ ಸಲ ಅಲುಗಾಡಿಸುತ್ತ, ಕ್ರಮೇಣ ವೇಗ ಹೆಚ್ಚಿಸುತ್ತ, ಯಾವ ಭಾಗ ಯಾವಾಗ ಕುಣಿಯುತ್ತದೆ ಎಂದು ದಾಖಲಿಸುತ್ತಾರೆ. ಆಮೇಲೆ ಎಲ್ಲ ಬಗೆಯ ಕಂಪನಗಳನ್ನೂ ಗೊತ್ತುಗುರಿಯಿಲ್ಲದೆ ಬೆರೆಸಿ, ಸೆಕೆಂಡಿಗೆ 20ರಿಂದ 2,000 ಸಲದವರೆಗಿನ ಗೊಂದಲದ ಕುಲುಕಾಟ ಕೊಡುತ್ತಾರೆ. ನಿಜವಾದ ರಾಕೆಟ್ ಕುಲುಕುವುದು ಹೀಗೆಯೇ. ಉಡಾವಣೆಯ ಗದ್ದಲವೂ ಒಂದು ಪೆಟ್ಟೇ. ಅದಕ್ಕಾಗಿ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ (ಎನ್‌ಎಎಲ್) ಸುಮಾರು 1,100 ಘನ ಮೀಟರಿನ ಪ್ರತಿಧ್ವನಿ ಕೋಣೆಯಿದೆ. ಅಲ್ಲಿ ಎಬ್ಬಿಸುವ ಸದ್ದು 150 ಡೆಸಿಬೆಲ್ಲನ್ನೂ ಮೀರಬಲ್ಲದು. ಪರೀಕ್ಷೆಯ ಹೊತ್ತಿನಲ್ಲಿ ಒಳಗೆ ಯಾರೂ ಇರುವಂತಿಲ್ಲ.

ಕುಲುಕಾಟದ ನಂತರ ಶೂನ್ಯದ ಸರದಿ. ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿಯೂ, ಮಾರತ್‌ಹಳ್ಳಿ ಬಳಿಯ ಅದರ ಇನ್ನೊಂದು ಆವರಣ ಐಸೈಟ್‌ನಲ್ಲಿಯೂ ಇಡೀ ಉಪಗ್ರಹವನ್ನೇ ನುಂಗಬಲ್ಲ ಉಕ್ಕಿನ ಕೋಣೆಗಳಿವೆ. ಗಾಳಿಯನ್ನೆಲ್ಲ ಹೊರಗೆಳೆದು, ಗೋಡೆಗಳನ್ನು ದ್ರವ ಸಾರಜನಕದಿಂದ ತಣಿಸಿ, ದೀಪಗಳಿಂದಲೋ ಹೀಟರುಗಳಿಂದಲೋ ಒಳಗಿನ ಯಂತ್ರವನ್ನು ಕಾಯಿಸುತ್ತಾರೆ. ಭಾರತದ ಮೊದಲ ಉಪಗ್ರಹ ಆರ್ಯಭಟ ತಯಾರಾದದ್ದು ಪೀಣ್ಯದ ಕೈಗಾರಿಕಾ ಷೆಡ್ಡುಗಳಲ್ಲಿ ಎಂಬುದನ್ನು ನೆನೆದರೆ, 1975ರಿಂದ ಈಚೆಗೆ ಈ ಊರು ನಡೆದ ದಾರಿ ಸಣ್ಣದಲ್ಲ.

ಗಾಳಿಯಿಲ್ಲದ ಕಡೆ ನಡೆಯುವ ವಿದ್ಯಮಾನಗಳು ಮನೆಯ ಅನುಭವಕ್ಕೆ ಸಿಗುವಂಥವಲ್ಲ. ಯಂತ್ರದ ಎಣ್ಣೆ ಆವಿಯಾಗಿ ಹೋಗುತ್ತದೆ. ಎರಡು ಶುದ್ಧ ಲೋಹದ ಮೈಗಳು ಒತ್ತಿ ಕುಳಿತರೆ ಬೆಂಕಿಯಿಲ್ಲದೆಯೇ ಬೆಸೆದುಕೊಳ್ಳಬಹುದು. ಅಂಟು, ಬಣ್ಣ, ತಂತಿಯ ಮೇಲಿನ ಪ್ಲಾಸ್ಟಿಕ್ ಇವೆಲ್ಲ ನಿಧಾನವಾಗಿ ಆವಿ ಬಿಡುತ್ತವೆ. ಸಾಮಾನ್ಯ ಉಪಗ್ರಹದಲ್ಲಿ ಆ ಆವಿ ಕ್ಯಾಮೆರಾದ ಮಸೂರಕ್ಕೆ ಮಸುಕು ಹಿಡಿಸುತ್ತದೆ. ಮಣ್ಣು ತರುವ ಪೆಟ್ಟಿಗೆಯಲ್ಲಾದರೆ ಮಣ್ಣಿಗೇ ಮೆತ್ತಿಕೊಳ್ಳುತ್ತದೆ. ನಾಳೆ ಪ್ರಯೋಗಾಲಯದಲ್ಲಿ ಆ ಮಣ್ಣಿನಲ್ಲಿ ಇಂಗಾಲದ ಸಂಯುಕ್ತ ಕಂಡರೆ ಅದು ಚಂದ್ರನದೋ, ಬೆಂಗಳೂರಿನ ಅಂಟಿನದೋ? ಯಾವ ಪದಾರ್ಥ ಎಷ್ಟು ಆವಿ ಬಿಡುತ್ತದೆ ಎಂದು ಮೊದಲೇ ಅಳೆದಿಟ್ಟವರಿಗೆ ಮಾತ್ರ ಇದಕ್ಕೆ ಉತ್ತರಿಸಲು ಸಾಧ್ಯ.

ಇಷ್ಟೆಲ್ಲ ಹಿಂಸೆಯನ್ನು ಹಾರಿಹೋಗುವ ಯಂತ್ರಕ್ಕೇ ಕೊಟ್ಟರೆ ಅದು ಹಾರುವ ಮೊದಲೇ ಸವೆಯುವುದಿಲ್ಲವೇ ಎಂದು ಓದುಗರಿಗೆ ಅನ್ನಿಸಬಹುದು. ಅದಕ್ಕಾಗಿಯೇ ಸಾಮಾನ್ಯವಾಗಿ ಒಂದು ಅವಳಿಯನ್ನು ಕಟ್ಟುತ್ತಾರೆ. ನಿರೀಕ್ಷೆಗಿಂತ ಹೆಚ್ಚಿನ ಪೆಟ್ಟೆಲ್ಲ ಅವಳಿಗೆ. ಹಾರುವ ಯಂತ್ರಕ್ಕೆ ನಿರೀಕ್ಷಿತ ಮಟ್ಟದ ಪೆಟ್ಟು ಮಾತ್ರ. ಕಟ್ಟುವಾಗ ಎಲ್ಲಾದರೂ ಕೈ ತಪ್ಪಿದೆಯೇ ಎಂದು ನೋಡುವಷ್ಟು.

ರಾಮನಗರದ ಕಲ್ಲು ಏಕೆ ಆಗಲಿಲ್ಲ?

ಮುಂದಿನ ಸಮಸ್ಯೆ ಇನ್ನೂ ಸ್ವಾರಸ್ಯದ್ದು. ಚಂದ್ರನ ನೆಲವನ್ನು ಅಗೆಯುವ ಯಂತ್ರವನ್ನು ಪರೀಕ್ಷಿಸಲು ಚಂದ್ರನ ನೆಲವೇ ಬೇಕಲ್ಲ! ಅಪೊಲೊ ಯಾತ್ರಿಕರು ತಂದದ್ದು ಒಟ್ಟು 382 ಕಿಲೊ. ಪರೀಕ್ಷಾಂಗಣದ ನೆಲಕ್ಕೆ ಹಾಸಲು ಬೇಕಾದ್ದು ಹತ್ತಾರು ಟನ್.

ಬೆಂಗಳೂರಿಗೆ ಹತ್ತಿರದಲ್ಲಿ ಕಲ್ಲಿಗೇನು ಕೊರತೆ? ರಾಮನಗರದ ಬೆಟ್ಟಗಳ ಬಂಡೆ ಭೂವಿಜ್ಞಾನಿಗಳ ಪುಸ್ತಕದಲ್ಲಿ ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದೇ ಹೆಸರಾಗಿದೆ. ಕ್ಲೋಸ್‌ಪೇಟೆ ಎಂಬುದು ರಾಮನಗರದ ಹಳೆಯ ಹೆಸರು. ಸುಮಾರು 250 ಕೋಟಿ ವರ್ಷ ಹಳೆಯದಾದ ಈ ಶಿಲೆ ಉತ್ತರ-ದಕ್ಷಿಣವಾಗಿ ನೂರಾರು ಕಿಲೊಮೀಟರ್ ಹಬ್ಬಿದೆ. ಆದರೆ ಗ್ರಾನೈಟಿನಲ್ಲಿ ಬೆಣಚುಕಲ್ಲಿನ ಹರಳು ಧಾರಾಳ; ಚಂದ್ರನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಚಂದ್ರನ ಬೆಳ್ಳನೆಯ ಎತ್ತರದ ಪ್ರದೇಶಗಳು ಅನಾರ್ಥೊಸೈಟ್ ಎಂಬ, ಸುಣ್ಣದಂಶ ಹೆಚ್ಚಿರುವ ಬೇರೆಯೇ ಶಿಲೆಯವು. ಹರಳು ಬೇರೆಯಾದರೆ ಗಡಸುತನ ಬೇರೆ, ಕೊರೆಯುವ ಅಲಗು ಸವೆಯುವ ಲೆಕ್ಕವೂ ಬೇರೆ. ಹಾಗಾಗಿ ಇಸ್ರೊ ಕಣ್ಣು ಹಾಕಿದ್ದು ತಮಿಳುನಾಡಿನ ನಾಮಕ್ಕಲ್ ಜಿಲ್ಲೆಯ ಸಿತ್ತಂಪೂಂಡಿಯ ಮೇಲೆ. ಅಲ್ಲಿ ಅನಾರ್ಥೊಸೈಟ್ ನೆಲದ ಮೇಲೆಯೇ ಸಿಗುತ್ತದೆ. ಅದನ್ನು ಪುಡಿ ಮಾಡಿ, ಜರಡಿ ಹಿಡಿದು, ಅಪೊಲೊ ಮಣ್ಣಿನ ಕಣಗಳ ಗಾತ್ರಕ್ಕೆ ಹೊಂದಿಸಿ ತಯಾರಿಸಿದ ಕೃತಕ ಚಂದ್ರಮಣ್ಣಿಗೆ 2020ರಲ್ಲಿ ಇಸ್ರೊಗೆ ಪೇಟೆಂಟ್ ಕೂಡ ಸಿಕ್ಕಿತು.

ಕಣದ ಆಕಾರವೂ ಮುಖ್ಯ. ದೊಡ್ಡಆಲಹಳ್ಳಿ ದಾಟಿ ಸಂಗಮಕ್ಕೆ ಹೋದವರು ಅರ್ಕಾವತಿ ಕಾವೇರಿಯನ್ನು ಸೇರುವಲ್ಲಿನ ಮರಳನ್ನು ಅಂಗೈಯಲ್ಲಿ ಹಿಡಿದು ನೋಡಬಹುದು. ನೀರಿನಲ್ಲಿ ಉರುಳಿ ಉರುಳಿ ಅದರ ಮೂಲೆಗಳೆಲ್ಲ ಸವೆದಿವೆ. ಬೆರಳ ಸಂದಿನಿಂದ ಜಾರುತ್ತದೆ. ಕ್ರಷರಿನಿಂದ ಬಂದ ಎಂ-ಸ್ಯಾಂಡ್ ಹಾಗಲ್ಲ, ಚುಚ್ಚುತ್ತದೆ, ಒಂದಕ್ಕೊಂದು ಹಲ್ಲು ಕಚ್ಚಿ ನಿಲ್ಲುತ್ತದೆ. ಚಂದ್ರನಲ್ಲಿ ನದಿಯಿಲ್ಲ, ಗಾಳಿಯಿಲ್ಲ. ಉಲ್ಕೆಗಳು ಬಡಿದು ಮಾಡಿದ ಪುಡಿ ಎಂ-ಸ್ಯಾಂಡಿಗಿಂತಲೂ ಮೊನಚು. ಜೊತೆಗೆ ವಿದ್ಯುದಾವೇಶದಿಂದ ಅದು ಕಂಡಕಂಡದ್ದಕ್ಕೆ ಅಂಟಿಕೊಳ್ಳುತ್ತದೆ, ಸಂದು ಸಿಕ್ಕಲ್ಲಿ ಹೊಕ್ಕು ಕೀಲನ್ನು ತಿನ್ನುತ್ತದೆ.

ಅಗೆಯುವ ಯಂತ್ರಗಳು ಸೋತ ಕಥೆಗಳ ಪಟ್ಟಿ ಉದ್ದವಿದೆ. 1971ರಲ್ಲಿ ಅಪೊಲೊ-15ರ ಯಾತ್ರಿಕರು ನೆಲಕ್ಕಿಳಿಸಿದ ಕೊರೆಗೊಳವೆಯನ್ನು ಮೇಲೆಳೆಯಲು ಇಬ್ಬರೂ ಸೇರಿ ಹೆಣಗಬೇಕಾಯಿತು. 1974ರಲ್ಲಿ ಸೋವಿಯತ್ ಒಕ್ಕೂಟದ ಲೂನಾ-23 ಇಳಿಯುವಾಗ ಪೆಟ್ಟು ತಿಂದು, ಮಣ್ಣು ತೆಗೆಯಲಾಗದೆ ಅಲ್ಲೇ ಉಳಿಯಿತು. ಮಂಗಳನ ಮೇಲೆ 2018ರಲ್ಲಿ ಇಳಿದ ಇನ್‌ಸೈಟ್ ನೌಕೆಯ ಶಾಖಮಾಪಕ ಸಲಾಕೆ 5 ಮೀಟರ್ ಆಳಕ್ಕಿಳಿಯಬೇಕಿತ್ತು. ಅಲ್ಲಿನ ಮಣ್ಣು ಹೆಂಟೆಗಟ್ಟುವ ಜಾತಿಯದು. ಸಲಾಕೆಗೆ ಬೇಕಾದ ಹಿಡಿತವನ್ನೇ ಕೊಡಲಿಲ್ಲ. 2021ರ ಜನವರಿಯಲ್ಲಿ ಪ್ರಯತ್ನ ಕೈಬಿಟ್ಟರು. ಇದಕ್ಕೆ ಹೋಲಿಸಿದರೆ ಚಂದ್ರಯಾನ-3ರ ವಿಕ್ರಂ 2023ರ ಆಗಸ್ಟಿನಲ್ಲಿ ತನ್ನ ಉಷ್ಣಮಾಪಕ ಕಡ್ಡಿಯನ್ನು ಚಂದ್ರನ ನೆಲದೊಳಕ್ಕೆ ಊರಿದ್ದು ಕೆಲವೇ ಸೆಂಟಿಮೀಟರ್ ಆದರೂ ಸಣ್ಣ ಸಾಧನೆಯಲ್ಲ. ಪತ್ರಿಕೆಗಳು ಅದಕ್ಕೆ ಕೊಟ್ಟ ಜಾಗ ಕಡಿಮೆಯಾಯಿತು.

ಕೊರೆಯುವುದರಲ್ಲಿ ಇನ್ನೊಂದು ತೊಡಕಿದೆ. ಚಂದ್ರನ ಗುರುತ್ವ ನಮ್ಮದರ ಆರನೆಯ ಒಂದು ಪಾಲು. ಇಲ್ಲಿ 600 ಕಿಲೊ ತೂಗುವ ಯಂತ್ರ ಅಲ್ಲಿ 100 ಕಿಲೊದಂತೆ ಕೂರುತ್ತದೆ. ಡ್ರಿಲ್ಲನ್ನು ನೆಲಕ್ಕೆ ಬಲವಾಗಿ ಒತ್ತಿದರೆ ನೆಲ ಕೊರೆಯುವ ಬದಲು ಯಂತ್ರವೇ ಮೇಲೆದ್ದೀತು. ಆದ್ದರಿಂದ ಭೂಮಿಯ ಮೇಲೆ ಪರೀಕ್ಷೆ ಮಾಡುವಾಗ ತೂಕ ಇಳಿಸುವ ಉಪಾಯ ಬೇಕು. ಚಂದ್ರಯಾನ-2ರ ರೋವರನ್ನು ಬೆಂಗಳೂರಿನ ಪರೀಕ್ಷಾಂಗಣದಲ್ಲಿ ಓಡಿಸುವಾಗ ಅದಕ್ಕೆ ಹೀಲಿಯಂ ಬಲೂನು ಕಟ್ಟಿ ಭಾರ ಕಡಿಮೆ ಮಾಡಿದ್ದರು. ಜಾತ್ರೆಯ ಬಲೂನಿನ ತತ್ತ್ವವೇ!

ಇಳಿಯುವ ಪೆಟ್ಟು

2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2ರ ವಿಕ್ರಂ ನೆಲಕ್ಕೆ ಅಪ್ಪಳಿಸಿದ್ದು ಎಲ್ಲರಿಗೂ ನೆನಪಿದೆ. ಆ ಸೋಲಿನ ನಂತರ ನಡೆದದ್ದು ಅಷ್ಟಾಗಿ ಸುದ್ದಿಯಾಗಲಿಲ್ಲ. ಎಲ್ಲವೂ ಸರಿಯಾಗಿ ನಡೆದರೆ ಹೇಗೆ ಇಳಿಯುತ್ತದೆ ಎಂಬ ಲೆಕ್ಕವನ್ನು ಪಕ್ಕಕ್ಕಿಟ್ಟು, ಏನೇನು ಕೆಡಬಹುದು, ಕೆಟ್ಟರೂ ಹೇಗೆ ಇಳಿಸಬಹುದು ಎಂಬಲ್ಲಿಂದ ಚಂದ್ರಯಾನ-3ರ ವಿನ್ಯಾಸ ಶುರುವಾಯಿತು. ಕಾಲುಗಳನ್ನು ಬಲಪಡಿಸಿ, ಸೆಕೆಂಡಿಗೆ 2 ಮೀಟರ್ ಬದಲು 3 ಮೀಟರ್ ವೇಗದಲ್ಲಿ ನೆಲ ಮುಟ್ಟಿದರೂ ಮುರಿಯದಂತೆ ಮಾಡಿದರು. ಕೃತಕ ಚಂದ್ರಮಣ್ಣಿನ ಹಾಸಿನ ಮೇಲೆ ಕಾಲುಗಳನ್ನು ಬೀಳಿಸಿ ನೋಡಿದರು. ಇಳಿಯುವಾಗ ದಾರಿ ತೋರುವ ಸಂವೇದಕಗಳನ್ನು ಹೆಲಿಕಾಪ್ಟರಿನಲ್ಲಿಟ್ಟು ಹಾರಿಸಿದರು. ಇಂಜಿನ್ ಉರಿಸುತ್ತಲೇ ಎತ್ತರದ ಕ್ರೇನಿಗೆ ತೂಗುಬಿಟ್ಟು ಪರೀಕ್ಷಿಸಿದರು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿಯ ಉಳ್ಳಾರ್ತಿ ಕಾವಲಿನಲ್ಲಿ ಕೃತಕ ಕುಳಿಗಳನ್ನು ತೋಡಿ ಚಂದ್ರನ ನೆಲದ ನಕಲು ಮಾಡಿದ್ದು ಚಂದ್ರಯಾನ-2ರ ಕಾಲದಲ್ಲಿಯೇ. 2023ರ ಆಗಸ್ಟ್ 23ರ ಸಂಜೆ ವಿಕ್ರಂ ಮೆತ್ತಗೆ ನೆಲ ಮುಟ್ಟಿತು. ಸೆಪ್ಟೆಂಬರ್ 3ರಂದು ಇಂಜಿನ್ ಹೊತ್ತಿಸಿ ಸುಮಾರು 40 ಸೆಂಟಿಮೀಟರ್ ಮೇಲಕ್ಕೆ ನೆಗೆದು ಮತ್ತೆ ಕೂತಿತು. ಮಣ್ಣು ಹೊತ್ತು ಮರಳುವ ದಿನಕ್ಕೆ ಇದು ಮೊದಲ ಪಾಠವಾಗಿತ್ತು.

ಮರಳಿ ಭೂಮಿಗೆ ಇಳಿಯುವ ಪೆಟ್ಟು ಬೇರೆಯದೇ. ಇಸ್ರೊ ಇದನ್ನೂ ಒಮ್ಮೆ ಮಾಡಿ ನೋಡಿದೆ. 2007ರ ಜನವರಿ 10ರಂದು ಹಾರಿದ 550 ಕಿಲೊದ ಎಸ್‌ಆರ್‌ಇ-1 ಕೋಶ ಹನ್ನೆರಡು ದಿನ ಭೂಮಿಯನ್ನು ಸುತ್ತಿ, ಗಾಳಿಯ ಘರ್ಷಣೆಯ ಬೆಂಕಿಯನ್ನು ದಾಟಿ, ಪ್ಯಾರಾಚೂಟುಗಳ ನೆರವಿನಿಂದ ಸೆಕೆಂಡಿಗೆ 12 ಮೀಟರ್ ವೇಗದಲ್ಲಿ ಬಂಗಾಳ ಕೊಲ್ಲಿಗೆ ಬಿತ್ತು. ತೇಲುತ್ತಿದ್ದುದನ್ನು ಎತ್ತಿ ತಂದರು. ಆದರೆ ಅದು ಬಂದದ್ದು ಭೂಮಿಯ ಸುತ್ತಿನಿಂದ. ಚಂದ್ರನಿಂದ ಬರುವ ಕೋಶದ ವೇಗ ಸೆಕೆಂಡಿಗೆ ಸುಮಾರು 11 ಕಿಲೊಮೀಟರ್. ಬೇಗೆಯೂ ಅದಕ್ಕೆ ತಕ್ಕಂತೆ.

ಒಂದು ಪರೀಕ್ಷೆಯನ್ನು ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಜೆನೆಸಿಸ್‌ಗಿಂತ ದೊಡ್ಡ ಉದಾಹರಣೆಯಿಲ್ಲ. ಅಮೆರಿಕದ ನಾಸಾ 2001ರಲ್ಲಿ ಕಳಿಸಿದ ಈ ನೌಕೆ ಎರಡು ವರ್ಷಕ್ಕೂ ಹೆಚ್ಚು ಕಾಲ ಸೂರ್ಯನಿಂದ ಬೀಸುವ ಕಣಗಳನ್ನು ಅತಿಶುದ್ಧ ಬಿಲ್ಲೆಗಳಲ್ಲಿ ಹಿಡಿದುಕೊಂಡಿತು. ಸಿಕ್ಕಿದ ಒಟ್ಟು ಸರಕು ಒಂದು ಮಿಲಿಗ್ರಾಮಿಗೂ ಕಡಿಮೆ. 2004ರ ಸೆಪ್ಟೆಂಬರ್ 8ರಂದು ಕೋಶ ಯೂಟಾದ ಮರುಭೂಮಿಯ ಮೇಲೆ ಇಳಿಯಬೇಕಿತ್ತು. ಬಿಲ್ಲೆಗಳು ನಾಜೂಕು ಎಂದು, ಪ್ಯಾರಾಚೂಟಿನಲ್ಲಿ ತೂಗುವ ಕೋಶವನ್ನು ಗಾಳಿಯಲ್ಲೇ ಕೊಕ್ಕೆ ಹಾಕಿ ಹಿಡಿಯಲು ಹೆಲಿಕಾಪ್ಟರುಗಳು ಕಾದಿದ್ದವು. ಪ್ಯಾರಾಚೂಟು ಬಿಚ್ಚಲೇ ಇಲ್ಲ. ಗಂಟೆಗೆ 300 ಕಿಲೊಮೀಟರಿಗೂ ಹೆಚ್ಚಿನ ವೇಗದಲ್ಲಿ ಕೋಶ ನೆಲಕ್ಕೆ ಬಡಿದು ಬಿರಿಯಿತು.

ಕಾರಣ ಹುಡುಕಿದಾಗ ಸಿಕ್ಕಿದ್ದು ಪುಟ್ಟ ಸ್ವಿಚ್ಚುಗಳು. ಕೋಶದ ವೇಗ ಗಾಳಿಯಲ್ಲಿ ಕುಗ್ಗುವಾಗಿನ ಒತ್ತಡವನ್ನು ಗ್ರಹಿಸಿ ಪ್ಯಾರಾಚೂಟಿಗೆ ಸೂಚನೆ ಕೊಡುವುದು ಅವುಗಳ ಕೆಲಸ. ನಕ್ಷೆಯಲ್ಲಿಯೇ ಅವುಗಳನ್ನು ತಲೆಕೆಳಗಾಗಿ ಬರೆದಿದ್ದರು. ಕಟ್ಟಿದವರು ನಕ್ಷೆಗೆ ಸರಿಯಾಗಿಯೇ ಕಟ್ಟಿದರು; ತಪಾಸಣೆ ಮಾಡಿದವರು ನಕ್ಷೆಗೆ ಸರಿಯಾಗಿದೆ ಎಂದೇ ಸಹಿ ಹಾಕಿದರು. ಆ ಘಟಕವನ್ನು ಗಿರಗಿರ ತಿರುಗಿಸಿ ಸ್ವಿಚ್ಚು ಮುಚ್ಚಿಕೊಳ್ಳುತ್ತದೆಯೇ ಎಂದು ನೋಡುವ ಒಂದು ಪರೀಕ್ಷೆ ಯೋಜನೆಯಲ್ಲಿತ್ತು. ಹಿಂದಿನ ಸ್ಟಾರ್‌ಡಸ್ಟ್ ನೌಕೆಯ ವಿನ್ಯಾಸವೇ ಇದು ಎಂಬ ಧೈರ್ಯದಲ್ಲಿ ಅದನ್ನು ಕೈಬಿಟ್ಟರು. ತಿರುಗಣೆಯಂತ್ರಕ್ಕೆ ನಕ್ಷೆ ಓದಲು ಬರುವುದಿಲ್ಲ. ಆದ್ದರಿಂದಲೇ ಅದು ನಿಜ ಹೇಳುತ್ತಿತ್ತು.

ಆದರೂ ಜೆನೆಸಿಸ್ ಪೂರಾ ವ್ಯರ್ಥವಾಗಲಿಲ್ಲ. ಬೇರೆ ಬೇರೆ ಬಗೆಯ ಸೌರಮಾರುತ ಹಿಡಿಯುವ ಬಿಲ್ಲೆಗಳನ್ನು ಬೇರೆ ಬೇರೆ ದಪ್ಪಕ್ಕೆ ಮಾಡಿದ್ದರು. ಒಡೆದ ಚೂರುಗಳ ದಪ್ಪ ಅಳೆದು ಯಾವುದು ಎಲ್ಲಿಯದು ಎಂದು ವಿಂಗಡಿಸಿದರು. ಯೂಟಾದ ಮಣ್ಣನ್ನು ಚೂರುಗಳಿಂದ ತೊಳೆಯುವುದೇ ದೊಡ್ಡ ಕೆಲಸವಾಯಿತು. ಸೂರ್ಯನ ಆಮ್ಲಜನಕದ ಬಗ್ಗೆ ಅವು ಹೇಳಿದ ಸಂಗತಿ 2011ರಲ್ಲಿ ಪ್ರಕಟವಾಯಿತು.

ಯಾರದು ಈ ಜೀವಿ?

ತಂದದ್ದನ್ನು ನಂಬುವುದು ಎಷ್ಟು ಕಷ್ಟ ಎಂಬುದಕ್ಕೆ ನಮ್ಮದೇ ಒಂದು ಪ್ರಸಂಗವಿದೆ. ಅದು ರಾಕೆಟ್ಟಿನದಲ್ಲ, ಬಲೂನಿನದು. ಸಮಸ್ಯೆ ಮಾತ್ರ ಅದೇ. 2005ರಲ್ಲಿ ಹೈದರಾಬಾದಿನಿಂದ ಹಾರಿಸಿದ ದೈತ್ಯ ಬಲೂನು 459 ಕಿಲೊದ ಉಪಕರಣವೊಂದನ್ನು ಹೊತ್ತೊಯ್ದಿತ್ತು. ಅದರಲ್ಲಿ ಗಾಳಿ ತೆಗೆದು ಕ್ರಿಮಿಶುದ್ಧಿ ಮಾಡಿದ 16 ಉಕ್ಕಿನ ಕೊಳವೆಗಳಿದ್ದವು. ಅವನ್ನು ದ್ರವರೂಪದ ನಿಯಾನಿನಲ್ಲಿ ಮುಳುಗಿಸಿಟ್ಟಿದ್ದರು. ಆ ಕಡುಚಳಿಗೆ ಒಳಗೆ ಹೊಕ್ಕ ಗಾಳಿ ಹೆಪ್ಪುಗಟ್ಟುತ್ತ ಇನ್ನಷ್ಟು ಗಾಳಿಯನ್ನು ತಾನಾಗಿಯೇ ಎಳೆದುಕೊಳ್ಳುತ್ತದೆ. 20ರಿಂದ 41 ಕಿಲೊಮೀಟರ್ ಎತ್ತರದ ಗಾಳಿಯನ್ನು ಹೀಗೆ ಹಿಡಿದು ಪ್ಯಾರಾಚೂಟಿನಲ್ಲಿ ಇಳಿಸಿದರು. ಅದರಲ್ಲಿ ಸಿಕ್ಕ ಬ್ಯಾಕ್ಟೀರಿಯಾಗಳಲ್ಲಿ ಮೂರು ಜಗತ್ತಿಗೇ ಹೊಸವು ಎಂದು 2009ರಲ್ಲಿ ಇಸ್ರೊ ಪ್ರಕಟಿಸಿತು. ಒಂದಕ್ಕೆ ಇಸ್ರೊ ಹೆಸರು, ಇನ್ನೊಂದಕ್ಕೆ ಆರ್ಯಭಟನ ಹೆಸರು, ಮತ್ತೊಂದಕ್ಕೆ ಖಗೋಳವಿಜ್ಞಾನಿ ಫ್ರೆಡ್ ಹಾಯ್ಲ್ ಹೆಸರು ಇಟ್ಟರು.

ಜೀವ ಆಕಾಶದಿಂದಲೇ ಬರುತ್ತದೆಯೇ ಎಂಬ ಚರ್ಚೆ ಕೂಡಲೇ ಶುರುವಾಯಿತು. ವಿಜ್ಞಾನಿಗಳು ಹೇಳಿದ್ದು ಎಚ್ಚರದ ಮಾತು: ಇವು ಭೂಮಿಯಾಚೆಯಿಂದ ಬಂದವು ಎಂದು ಇದರಿಂದ ಸಿದ್ಧವಾಗುವುದಿಲ್ಲ, ಆದರೆ ಕೈಗೊಂಡ ಮುನ್ನೆಚ್ಚರಿಕೆಗಳನ್ನು ನೋಡಿದರೆ ಇವು ಆ ಎತ್ತರದಲ್ಲೇ ಸಿಕ್ಕವು ಎಂಬ ಭರವಸೆಯಿದೆ. ಆ ಭರವಸೆಯ ಮಾತನ್ನಾಡಲು ಅವರಿಗೆ ಆಧಾರವಾದದ್ದು ಹಾರುವ ಮೊದಲು ಕೊಳವೆಗಳನ್ನು ಶುದ್ಧಿ ಮಾಡಿದ ಕ್ರಮವೇ ಹೊರತು ಸೂಕ್ಷ್ಮದರ್ಶಕವಲ್ಲ.

ಎಷ್ಟು ಪರೀಕ್ಷಿಸಿದರೂ ಏನೋ ಒಂದು ಉಳಿದುಬಿಡುತ್ತದೆ. ನಾಸಾದ ಒಸೈರಿಸ್-ರೆಕ್ಸ್ ನೌಕೆ ಬೆನ್ನು ಎಂಬ ಕ್ಷುದ್ರಗ್ರಹದ (ಕನ್ನಡದ ಬೆನ್ನಿಗೂ ಅದಕ್ಕೂ ನಂಟಿಲ್ಲ) ದೂಳನ್ನು 2023ರ ಸೆಪ್ಟೆಂಬರ್ 24ರಂದು ಯೂಟಾಕ್ಕೆ ತಂದಿತು. ಕೋಶ ಸುರಕ್ಷಿತವಾಗಿ ಇಳಿದರೂ ಮೊದಲ ಸಣ್ಣ ಪ್ಯಾರಾಚೂಟು ಹೊತ್ತಿಗೆ ಸರಿಯಾಗಿ ಬಿಚ್ಚಿರಲಿಲ್ಲ. ತನಿಖೆಯಲ್ಲಿ ಕಂಡದ್ದು ಜೆನೆಸಿಸ್‌ನ ದೂರದ ಬಂಧುವಿನಂಥ ತಪ್ಪು. ನಕ್ಷೆಗಳಲ್ಲಿ ‘ಮೈನ್’ ಎಂಬ ಒಂದೇ ಪದವನ್ನು ಸಂಕೇತ ಕಳಿಸುವ ಕಡೆ ಒಂದು ಅರ್ಥದಲ್ಲಿ, ಪಡೆಯುವ ಕಡೆ ಇನ್ನೊಂದು ಅರ್ಥದಲ್ಲಿ ಬಳಸಿದ್ದರು. ತಂತಿಗಳು ಅದಲುಬದಲಾಗಿದ್ದವು.

ಅಲ್ಲಿಗೂ ಮುಗಿಯಲಿಲ್ಲ. ಹ್ಯೂಸ್ಟನ್ನಿನ ಪ್ರಯೋಗಾಲಯದಲ್ಲಿ, ಹೊರಗಿನ ಗಾಳಿ ಸೋಕದಂತೆ ಸಾರಜನಕ ತುಂಬಿದ ಪೆಟ್ಟಿಗೆಯೊಳಗೆ ಮುಚ್ಚಳ ಬಿಚ್ಚಲು ಕುಳಿತಾಗ 35 ತಿರುಪುಗಳಲ್ಲಿ ಎರಡು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಮಾದರಿಗೆ ಮೈಲಿಗೆಯಾಗಬಾರದೆಂದು ಆ ಪೆಟ್ಟಿಗೆಯೊಳಗೆ ಎಲ್ಲ ಉಪಕರಣಗಳನ್ನೂ ಒಯ್ಯುವಂತಿರಲಿಲ್ಲ. ಶಸ್ತ್ರಚಿಕಿತ್ಸೆಗೆ ಬಳಸುವ ಬಗೆಯ ಉಕ್ಕಿನಲ್ಲಿ ಹೊಸ ಉಪಕರಣ ಮಾಡಿಸಿ, ಅದನ್ನೂ ಮೊದಲು ಬೇರೆಡೆ ಪರೀಕ್ಷಿಸಿ, ಆಮೇಲೆ ಒಳಗೆ ಒಯ್ದರು. 2024ರ ಜನವರಿಯಲ್ಲಿ ಆ ಎರಡು ತಿರುಪುಗಳು ಬಿಚ್ಚಿದವು. ತೂಗಿದಾಗ ಸಿಕ್ಕಿದ ದೂಳು ಒಟ್ಟು 121.6 ಗ್ರಾಂ.